ಗಂಟೆ ಬಿಚ್ಚಿದ ಗಾಡಿ

ಬೀದರಿನ ನಮ್ಮ ಮನೆಯ ಬಾಗಿಲಿಗೆ ಮೊಮ್ಮಗ ಎತ್ತಿನ ಕೊರಳ ಗಂಟೆಸರವೊಂದನ್ನು ತಂದು ಕಟ್ಟಿದ್ದಾನೆ. ಬಂದವರು ಅದನ್ನು ಅಲುಗಿಸಬೇಕು, ನಾನು ಎದ್ದು ಹೋಗಬೇಕು. ಮೊದಲ ಸಲ ಅದರ ದನಿ ಕೇಳಿದಾಗ ನನಗೆ ಏಳಲಾಗಲಿಲ್ಲ. ಮುದುಕಿಗೆ ಕಿವಿ ಮಂದವಾಗಿದೆ ಎಂದುಕೊಂಡರು ಮನೆಯವರು. ನಾನೂ ಸುಮ್ಮನಿದ್ದೆ; ಈ ವಯಸ್ಸಿನಲ್ಲಿ ಕಿವುಡುತನಕ್ಕೂ ಕೆಲವು ಅನುಕೂಲಗಳಿವೆ.

ಆ ದನಿ ಕೇಳಿದರೆ ನನಗೆ ಅತ್ತೆಯ ನೆನಪಾಗುತ್ತದೆ. ಆಗ ನಿಜಾಮರ ಕಾಲ. ನಾನು ಭಾಲ್ಕಿಯಿಂದ ಔರಾದ ಕಡೆಯ ಸಂತಪುರಕ್ಕೆ ಸೊಸೆಯಾಗಿ ಹೋದ ಹೊಸತು. ಪೇಟೆಯ ಹುಡುಗಿ, ಮೊದಲ ಸಲ ಚಿಗರಿ ಹುಲ್ಲೆಗಳನ್ನು ಕಂಡಾಗ, "ಯಾರವೋ ಆಡು ನಮ್ಮ ಕಡ್ಲ್ಯಾಗ ಬಿದ್ದಾವ ನೋಡ್ರಿ" ಎಂದು ಕೂಗಿದ್ದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನಿಮ್ಮ ಭಾಲ್ಕ್ಯಾಗ ಇಂಥ ಆಡು ಸಿಗ್ತಾವೇನ ತಂಗಿ? ಬರ್ತಾ ಒಂದ್ ಜೋಡಿ ಹೊಡ್ಕೊಂಡ ಬರಬೇಕಿತ್ತ."

ನಮ್ಮ ಹೊಲದಾಚೆ ಬೀಳುಭೂಮಿ. ಅಲ್ಲೊಂದು ದಿಬ್ಬ, ಅದರ ಮಗ್ಗುಲಿಗೆ ತಗ್ಗು. ನೀವು ಆ ಸೀಮೆ ಕಂಡವರಾದರೆ ಗೊತ್ತಿರುತ್ತದೆ, ಮರೆಯಾಗಲು ಅಲ್ಲಿ ಮರಗಳಿಲ್ಲ. ಚಿಗರಿಗಳು ಎಳೆಯ ಮರಿಯನ್ನು ಎತ್ತರದ ಹುಲ್ಲಿನಲ್ಲಿ ಮಲಗಿಸಿ, ಅಲ್ಲೇನೂ ಇಲ್ಲವೆಂಬಂತೆ ದೂರ ಹೋಗಿ ಮೇಯುತ್ತಿದ್ದವು. ತಾವು ಮಾತ್ರ ದಿಬ್ಬದ ಮೇಲೆ ನಿಲ್ಲುತ್ತಿದ್ದವು; ಅಲ್ಲಿಂದ ನೋಡಿದರೆ ಬರುವ ಮನುಷ್ಯ ಬಹುದೂರದಿಂದಲೇ ಕಾಣುತ್ತಾನೆ. ಚಳಿಗಾಳಿಯ ದಿನಗಳಲ್ಲಿ ತಗ್ಗಿಗಿಳಿದು ಮಲಗುತ್ತಿದ್ದವು. ನಮ್ಮ ಗಾಡಿಯ ಗಂಟೆ ಕೇಳಿದರೆ ಎದ್ದು, ದಿಬ್ಬವೇರಿ, ನಮ್ಮತ್ತ ತಿರುಗಿ ನಿಲ್ಲುತ್ತಿದ್ದವು. ಎಲ್ಲಕ್ಕಿಂತ ಮುಂದೆ, ಒಂದು ಕಿವಿ ಹರಿದ ಕರಿಯ ಗಂಡು. ಅತ್ತೆ ಅದನ್ನು ಕರಿಯಾ ಎನ್ನುತ್ತಿದ್ದರು.

"ನಮ್ಮ ಗಂಟಿ ಗುರ್ತ ಅದ ಅವಕ್ಕ. ಮಾತಾಡ್ಸಲಾಕ ಎದ್ದ ನಿಂತಾವ ನೋಡು."

ಒಂದು ಸಂಜೆ ಜಾಗೀರದಾರರ ಚಪರಾಸಿ ಬಂದ. "ನಮ್ಮ ಸಾಹೇಬ್ರ ಮನಿಗಿ ಮೆಹಮಾನ್ರು ಶಿಕಾರಿಗಿ ಬಂದಾರ. ಮುಂಜಾನಿ ನಿಮ್ಮ ಗಾಡಿ ಬೇಕ್ರಿ. ಚಿಗರಿ ನಿಮ್ಮ ಗಾಡಿಗಿ ಅಂಜಂಗಿಲ್ಲಂತಲ್ಲ."

ಬಿಟ್ಟಿ ಕೆಲಸ, ಇಲ್ಲವೆನ್ನುವಂತಿರಲಿಲ್ಲ. ಮಾವ "ಆಯ್ತ್ರಿ" ಎಂದರು. ಮರುದಿನ ಗಾಡಿ ಹೂಡುವ ಮೊದಲು ಅತ್ತೆ ಎತ್ತುಗಳ ಕೊರಳಿನಿಂದ ಗಂಟೆಸರ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಜ್ವಾಳದ ಚೀಲದಾಗ ಹುಗದ್ ಇಡು. ಗಂಟಿ ಇಲ್ದಿದ್ರ ಯಾರದೋ ಬ್ಯಾರೆ ಗಾಡಿ ಅಂತ ಓಡ್ತಾವ."

ಮಾವ ಎತ್ತುಗಳ ಬರಿ ಕೊರಳು ನೋಡಿದರು, ಅತ್ತೆಯನ್ನು ನೋಡಿದರು, ಗಾಡಿ ಹೂಡಿದರು. ಬಂದೂಕು ಹಿಡಿದವರು ಗಾಡಿಯಲ್ಲಿ ಜೋಳದ ಕಣಿಕೆಯ ದಂಟುಗಳ ಅಡಿ ಅಡಗಿ ಮಲಗಿದರು.

ನಾವಿಬ್ಬರೂ ಕಡಲೆ ಹೊಲದಲ್ಲಿ ನಿಂತು ನೋಡಿದೆವು. ಚಳಿಯ ದಿನ, ದಿಬ್ಬ ಖಾಲಿಯಿತ್ತು. ಗಾಳಿ ತಗ್ಗಿನ ಕಡೆಯಿಂದ ನಮ್ಮತ್ತ ಬೀಸುತ್ತಿತ್ತು, ಗಾಡಿಯ ವಾಸನೆ ಅವಕ್ಕೆ ಮುಟ್ಟುವಂತಿರಲಿಲ್ಲ. ಗಾಡಿ ಸದ್ದಿಲ್ಲದೆ ತಗ್ಗಿನ ಅಂಚಿಗೆ ಹೋಯಿತು.

"ಈಗ ಓಡ್ತಾವ" ಎಂದರು ಅತ್ತೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಅಂದರು, ಸಣ್ಣ ದನಿಯಲ್ಲಿ.

ಗುಂಡು ಹಾರಿತು. ಆಮೇಲೆ ಹಿಂಡು ದಿಬ್ಬ ದಾಟಿ ಓಡಿತು. ಮುಂದೆ ಕರಿಯ ಇರಲಿಲ್ಲ.

ಗಾಡಿ ಮನೆಗೆ ಬಂದಾಗ ಚಪರಾಸಿ ಎತ್ತಿನ ಕೊರಳು ತಟ್ಟಿದ. "ಗಂಟಿ ಬಿಚ್ಚಿ ಭಾಳ ಛಲೋ ಮಾಡಿದ್ರಿ. ಮಲಗಿದ್ದು ಮಲಗಿದಂಗೇ ಸಿಕ್ತು."

ಅತ್ತೆ ಅಂದು ಊಟದ ಗಂಗಾಳದ ಮುಂದೆ ಕೂತರೂ ರೊಟ್ಟಿ ಮುರಿಯಲಿಲ್ಲ. ಗಂಗಾಳ ಆಚೆ ಸರಿಸಿ ಅಂದರು: "ಗುರ್ತಲ್ಲ ತಂಗಿ ಅದು. ನಮ್ಮ ಗಂಟಿಗೂ ಅವು ಅಂಜೇ ಏಳ್ತಿದ್ವು."

ಅಂದಿನಿಂದ ಅವರು ಹೊಲಕ್ಕೆ ಹೋಗುವಾಗ ದಾರಿಯುದ್ದಕ್ಕೂ ಕುಡುಗೋಲಿನಿಂದ ತಂಬಿಗೆ ಬಡಿಯುತ್ತಿದ್ದರು. ಊರವರು ನಕ್ಕರು, ಮೊದಮೊದಲು ನನಗೂ ನಾಚಿಕೆಯಾಗುತ್ತಿತ್ತು. ಚಿಗರಿಗಳು ದಿಬ್ಬದ ಮೇಲೂ ನಿಲ್ಲದೆ ಓಡುತ್ತಿದ್ದವು. ಅವು ಕಣ್ಮರೆಯಾಗುವವರೆಗೂ ಅತ್ತೆ ಬಡಿಯುತ್ತಲೇ ಇರುತ್ತಿದ್ದರು. "ಓಡ್ಲಿ. ಓಡಿದ್ರ ಛಲೋ."

ಗಂಟೆಸರ ತೆಗೆಯಲೇ ಎಂದು ಮೊಮ್ಮಗ ನಿನ್ನೆ ಕೇಳಿದ. "ಇರ್ಲಿ ಬಿಡಪಾ" ಎಂದೆ. ಅದು ಸದ್ದು ಮಾಡಿದಾಗಲೆಲ್ಲ ಅಂಗಳದ ಗೋಡೆಯ ಮೇಲಿನ ಗುಬ್ಬಿಗಳು ಹಾರಿ ಬೇವಿನ ಮರ ಸೇರುತ್ತವೆ. ಅವೆಲ್ಲ ಹಾರಿಹೋಗುವುದನ್ನು ನೋಡಿಯೇ ನಾನು ಬಾಗಿಲು ತೆಗೆಯಲು ಏಳುತ್ತೇನೆ.