ಈಸಿ ದಾಟಿದ ಹೊಳೆ

ಎಲ್ಲಿಗೆ ಹೊರಟರೂ ದಾರಿಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳದೆ ನನ್ನ ಕಾಲು ಮುಂದಕ್ಕೆ ಏಳುವುದಿಲ್ಲ. ಸಿಡ್ನಿಯ ಗಿರಾವೀನ್‌ನ ನನ್ನ ರೂಮಿನಿಂದ ಪ್ಯಾರಮಟ್ಟಾದ ಆಫೀಸಿಗೆ ಹೋಗುವ ದಾರಿಯನ್ನೂ ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ಸಿಗ್ನಲ್ಲು ಮನುಷ್ಯನ ತಾಳ್ಮೆಯನ್ನು ಪರೀಕ್ಷೆ ಮಾಡುತ್ತದೆ, ಎಲ್ಲವೂ ಅದರಲ್ಲಿದೆ. ಈ ಚಟ ಕಂಡು ಸುಮಕ್ಕ ನನಗೆ ‘ತಲಾಟಿ’ ಎಂದು ಹೆಸರಿಟ್ಟಿದ್ದಾಳೆ. ನಮ್ಮ ಕಡೆ ಹಳ್ಳಿಯ ಜಮೀನಿನ ಲೆಕ್ಕ ಬರೆಯುವವನು ತಲಾಟಿ. ನನಗೆ ಜಮೀನಿಲ್ಲ, ಲೆಕ್ಕ ಮಾತ್ರ ಇದೆ.

ಸುಮಕ್ಕ ಬೆಳಗಾವಿಯವಳು. ಗಿರಾವೀನ್‌ನಲ್ಲಿ ಗಂಡ, ಮಕ್ಕಳು, ಮಾರ್ಟ್‌ಗೇಜು, ರೊಟ್ಟಿಯ ಹಂಚು ಎಲ್ಲವನ್ನೂ ಒಂದೇ ಕೈಯಲ್ಲಿ ಸಂಭಾಳಿಸುವವಳು. ಉತ್ತರ ಕರ್ನಾಟಕದಿಂದ ಓದಲು ಬಂದು ಸಿಡ್ನಿಯಲ್ಲಿ ಇಳಿದವರು ಮೊದಲ ವಾರ ಅವಳ ಮನೆಯಲ್ಲಿ ಉಣ್ಣುವುದು ವಾಡಿಕೆ. ಹುಬ್ಬಳ್ಳಿಯಿಂದ ಬಂದ ನಾನೂ ಉಂಡಿದ್ದೇನೆ, ಧಾರವಾಡದಿಂದ ಬಂದ ದೀಪಾಳೂ ಉಂಡಿದ್ದಾಳೆ. ನನ್ನದು ಒಂದು ವಾರಕ್ಕೆ ಮುಗಿಯಿತು. ದೀಪಾ ಮಾತ್ರ ಕೋರ್ಸ್ ಮುಗಿಯುವ ತನಕ ಅಲ್ಲೇ ಇದ್ದು, ಮದುವೆಯಾಗಿ, ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರುಗಳ ನಡುವೆ ಕೆಲಸ ಹಿಡಿದು ಹೋದಳು. 2007ರ ಚಳಿಗಾಲದಲ್ಲಿ ಅವಳಿಗೆ ಏಳು ತಿಂಗಳು. ಕುಬಸ ಮಾಡಬೇಕು. ನಮ್ಮಲ್ಲಿ ಕುಬಸವೆಂದರೆ ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು, ಬಸುರಿಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಐದು ಬಗೆಯ ಹಣ್ಣು ಹಾಕಿ ಉಡಿ ತುಂಬುವುದು. ಆದರೆ ದೀಪಾಳ ಅವ್ವನಿಗೆ ವೀಸಾ ಬಂದಿರಲಿಲ್ಲ. ತವರು ಧಾರವಾಡದಲ್ಲೇ ಉಳಿದುಬಿಟ್ಟಿತ್ತು.

“ಸಿಡ್ನಿಗೇ ಕರ್ಕೊಂಡು ಬರೋಣ, ಎಲ್ಲಾರೂ ಇಲ್ಲೇ ಅದೀವಿ” ಎಂದಳು ಸುಮಕ್ಕ. ಫೋನಿನಲ್ಲಿ ಆ ತಾಯಿಗೆ ಹೇಳಿದ್ದೂ ಆಯಿತು.

“ನಡುವ ಹೊಳಿ ಐತೇನ?” ಎಂದು ಕೇಳಿದರು ಅವ್ವ.

ಇತ್ತು. ನ್ಯೂ ಸೌತ್ ವೇಲ್ಸಿಗೂ ವಿಕ್ಟೋರಿಯಾಕ್ಕೂ ನಡುವಿನ ಗಡಿಯೇ ಮರ್ರೆ ಎಂಬ ಹೊಳೆ. ಇಲ್ಲ ಎಂದು ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಆದರೆ ತಲಾಟಿಯಾದ ನಾನು ಪಕ್ಕದಲ್ಲೇ ನಿಂತು, ಹೊಳೆಯ ಹೆಸರು, ಅದರ ಉದ್ದ, ಅದು ಹುಟ್ಟುವ ಬೆಟ್ಟ, ಎಲ್ಲವನ್ನೂ ಒಪ್ಪಿಸಿಬಿಟ್ಟೆ.

“ಮತ್ತ ಬಸುರಿ ಹೆಣಮಗಳು ಹೊಳಿ ದಾಟಂಗಿಲ್ಲ. ಮುಗೀತು” ಎಂದರು ಅವ್ವ. ಆಮೇಲೆ ದನಿ ತಗ್ಗಿಸಿ, “ಏ ತಮ್ಮಾ, ಅಣ್ಣ ಅಂತ ನೀನ ಹೋಗು. ಸುಮಾನ್ನ ಕರ್ಕೊಂಡು ಹೋಗು. ದೀಪ ಹಚ್ಚೂದರೊಳಗ ನನ್ನ ಮಗಳ ಉಡಿ ತುಂಬಿರಬೇಕು ನೋಡಪಾ. ತವರಿಂದ ಯಾರೂ ಬರಲಿಲ್ಲ ಅಂತ ಆಕಿ ಕುಂಡರಬಾರದು” ಎಂದರು. ಮತ್ತೆ ಕೇಳಿದರು: “ವಿಕ್ಟೋರಿಯಾ ಅಂದ್ರ ಬ್ಯಾರೆ ದೇಶ ಏನು? ನಿಮಗೂ ವೀಸಾ ಬೇಕೇನು?”

ಈ ಪ್ರಶ್ನೆಗೆ ನಗಬೇಡಿ. ಆಸ್ಟ್ರೇಲಿಯಾ ಒಂದು ವಿಚಿತ್ರವಾದ ದೇಶ. ಸುತ್ತ ಸಮುದ್ರ. ಕಾರು ಓಡಿಸಿಕೊಂಡು ಹೋಗಿ ಇನ್ನೊಂದು ದೇಶದ ಗೇಟಿನಲ್ಲಿ ಪಾಸ್‌ಪೋರ್ಟು ತೋರಿಸುವ ಸುಖ ಇಲ್ಲಿ ಯಾರಿಗೂ ಇಲ್ಲ. ಆ ಆಸೆಯನ್ನೆಲ್ಲ ಇಲ್ಲಿನವರು ರಾಜ್ಯಗಳ ಗಡಿಯ ಮೇಲೆ ತೀರಿಸಿಕೊಂಡಿದ್ದಾರೆ. ಹಿಂದೆ ಎರಡು ರಾಜ್ಯಗಳೂ ಬೇರೆ ಬೇರೆ ಅಗಲದ ರೈಲು ಹಳಿ ಹಾಕಿಕೊಂಡಿದ್ದರಿಂದ, ಗಡಿಯ ಊರಾದ ಆಲ್ಬರಿಯಲ್ಲಿ ಪ್ರಯಾಣಿಕರೆಲ್ಲ ಗಂಟುಮೂಟೆ ಸಮೇತ ಇಳಿದು ಇನ್ನೊಂದು ಗಾಡಿ ಹತ್ತಬೇಕಿತ್ತಂತೆ. ಇದನ್ನು ಓದಿದಾಗ ನನಗೆ ಮಿರಜಿನ ಸ್ಟೇಷನ್ನಿನಲ್ಲಿ ಹಾಸಿಗೆ ಸುತ್ತಿಕೊಂಡು ಸಣ್ಣ ಗಾಡಿಯಿಂದ ದೊಡ್ಡ ಗಾಡಿಗೆ ಓಡುತ್ತಿದ್ದ ನಮ್ಮ ಅಜ್ಜ ನೆನಪಾಗಿ, ಆಲ್ಬರಿಯ ಮೇಲೆ ಸುಮ್ಮನೆ ಪ್ರೀತಿ ಹುಟ್ಟಿತು. ಗಡಿ ಎಂದರೆ ಹೀಗೆಯೇ. ದಾಟುವಾಗ ಏನಾದರೊಂದು ತೊಂದರೆ ಕೊಡದಿದ್ದರೆ ಅದು ಗಡಿ ಅನ್ನಿಸುವುದೇ ಇಲ್ಲ.

ಶನಿವಾರ ನಸುಕಿನಲ್ಲಿ ಹೊರಟೆವು. ಕಾರು ಕಿರಣನದು. ಕಿರಣ ಬೆಂಗಳೂರಿನವನು, ನನ್ನ ರೂಮ್‌ಮೇಟ್. ಕುಬಸವೆಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಹೋಳಿಗೆ ಇರುತ್ತದೆ ಎಂದು ಮಾತ್ರ ಗೊತ್ತಿತ್ತು. ಕಾರಿನ ಗಾಜಿಗೆ ಅವನು ಹೊಸದಾಗಿ ಒಂದು ದಾರಿ ತೋರಿಸುವ ಯಂತ್ರ ಅಂಟಿಸಿದ್ದ. ಹೊಸದಾಗಿ ಎಂದರೆ ಅವನಿಗೆ ಹೊಸದು. ಅದು ಯಾರೋ ಬಳಸಿ ಬಿಟ್ಟದ್ದು, ಒಳಗಿನ ನಕ್ಷೆ ಇನ್ನೂ ಹಳೆಯದು. ಅದರಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ನಾವು ಅವಳಿಗೆ ಮೇಡಂ ಎನ್ನುತ್ತಿದ್ದೆವು. ನನ್ನ ಮಡಿಲಲ್ಲಿ ಹಿಂದಿನ ವರ್ಷ ಇದೇ ದಾರಿಯಲ್ಲಿ ಹೋದಾಗ ಬರೆದುಕೊಂಡ ತಿರುವುಗಳ ಪಟ್ಟಿ. ಹಿಂದಿನ ಸೀಟಿನಲ್ಲಿ ಸುಮಕ್ಕ. ಅವಳ ಮಡಿಲಲ್ಲಿ ಹಣ್ಣಿನ ಬುಟ್ಟಿ.

“ಉಡಿ ಹಣ್ಣು. ಒಂದೂ ಮುಟ್ಟೂ ಹಂಗಿಲ್ಲ” ಎಂದು ಅವಳು ಗಿರಾವೀನ್ ದಾಟುವ ಮುಂಚೆಯೇ ಸಾರಿದಳು.

ದಾರಿಯುದ್ದಕ್ಕೂ ಎಷ್ಟು ಖುಷಿ! ಮಂಜು ಬಿದ್ದು ಬಿಳಿಯಾದ ಹುಲ್ಲುಗಾವಲು, ಅದರಲ್ಲಿ ಚೆಲ್ಲಿದ ಹತ್ತಿಯಂತೆ ಕುರಿಗಳು. ಸಮುದ್ರದ ಸುದ್ದಿಯೇ ಇಲ್ಲದ ಹೋಲ್‌ಬ್ರೂಕ್ ಎಂಬ ಊರಿನ ನಡುವೆ, ರಸ್ತೆಯ ಪಕ್ಕ, ಹುಲ್ಲಿನ ಮೇಲೆ ಒಂದು ಜಲಾಂತರ್ಗಾಮಿ ಹಡಗು ಮಲಗಿದೆ. “ಇದಕ್ಕೂ ಯಾರೋ ತಪ್ಪು ದಾರಿ ಹೇಳಿರಬೇಕು” ಎಂದ ಕಿರಣ. ಮೂವರೂ ನಕ್ಕೆವು. ಪರರ ದಾರಿ ತಪ್ಪಿದ್ದನ್ನು ಕಂಡು ನಗುವವರಿಗೆ ಮುಂದಿನ ಊರು ದೂರವಿರುವುದಿಲ್ಲ.

ಮುಂದಿನ ಊರು ಆಲ್ಬರಿ. ಅಲ್ಲಿ ನನ್ನ ಪಟ್ಟಿ ‘ಊರೊಳಗೆ ಹೋಗು, ದೊಡ್ಡ ಬೀದಿ ಮುಗಿದ ಮೇಲೆ ಎಡಕ್ಕೆ, ಆಮೇಲೆ ಸೇತುವೆ’ ಎಂದಿತ್ತು. ಮೇಡಂ ಕೂಡ ಊರೊಳಗೇ ಹೋಗು ಎಂದಳು. ಅಂದು ಬೆಳಗಿನಿಂದ ನಾನೂ ಮೇಡಮ್ಮೂ ಒಪ್ಪಿದ್ದು ಅದೇ ಮೊದಲು. ಆದರೆ ರಸ್ತೆಯ ಮೇಲಿನ ದೊಡ್ಡ ಹಸಿರು ಬೋರ್ಡು ಮೆಲ್ಬರ್ನಿಗೆ ನೇರವಾಗಿ ಹೋಗು ಎನ್ನುತ್ತಿತ್ತು. ಅದೇ ವರ್ಷ ಊರಿನ ಮಗ್ಗುಲಿನಲ್ಲಿ ಹೊಸ ಹೆದ್ದಾರಿ ತೆರೆದಿದ್ದರು. ಅದು ನನ್ನ ಡೈರಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ.

“ನೆಟ್ಟಗ ಅಂತ ಬರದಾರಲ್ಲೋ” ಎಂದಳು ಸುಮಕ್ಕ.

“ಎರಡು ಓಟು ಊರೊಳಗೆ ಅಂತಿದೆ ಸುಮಕ್ಕ, ಮೆಜಾರಿಟಿ” ಎಂದು ಕಿರಣ ಹೆದ್ದಾರಿಯಿಂದ ಇಳಿದ.

ಬೀದಿ ಮುಗಿದಲ್ಲಿ ಹಳೆಯ ತಿರುವೇ ಇರಲಿಲ್ಲ. ರಸ್ತೆಯನ್ನು ಕಿತ್ತು ಹೊಸದಾಗಿ ಹೆಣೆದಿದ್ದರು. ಮೇಡಂ ಒಂದೇ ಸಮನೆ ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ. ಕೊನೆಗೆ ನಾವು ಹೊಳೆಗೆ ಸಮನಾಗಿ ಓಡುವ ಒಂದು ನಿರ್ಜನ ದಾರಿಯಲ್ಲಿದ್ದೆವು. ಎಷ್ಟು ಹೋದರೂ ಸೇತುವೆ ಬರಲಿಲ್ಲ, ಬೋರ್ಡು ಬಂತು. ಮುಂದೆ ತೋಟಗಳ ಪ್ರದೇಶ, ಹಣ್ಣುನೊಣ ಹರಡದಂತೆ ಹೊರಗಿನ ಹಣ್ಣು ಒಳಗೆ ತರುವ ಹಾಗಿಲ್ಲ, ತಂದರೆ ದಂಡ. ಕೆಳಗೆ ಹಣ್ಣು ಹಾಕಲು ಒಂದು ಡಬ್ಬಿ.

ಕಿರಣ ಬ್ರೇಕ್ ಹಾಕಿದ. “ಸುಮಕ್ಕ, ನಾನು ಇಲ್ಲೇ ನೆಲೆಸೋಕೆ ಪಿಆರ್‌ಗೆ ಅಪ್ಲೈ ಮಾಡಿದ್ದೀನಿ. ಬಾಳೆಹಣ್ಣಿಂದ ರಿಜೆಕ್ಟ್ ಆಗೋದು ಬೇಡ.”

“ಉಡಿ ಹಣ್ಣು ಡಬ್ಬ್ಯಾಗ ಒಗೀತಿಯೇನೋ? ಪಾಪ ಹತ್ತೂದಿಲ್ಲಾ?” ಸುಮಕ್ಕ ಬುಟ್ಟಿಯನ್ನು ಎದೆಗೊತ್ತಿಕೊಂಡು ಒಂದು ನಿಮಿಷ ಯೋಚಿಸಿದಳು. ಆಮೇಲೆ ಕೆಳಗಿಳಿದು, “ತಿನ್ರಿ” ಎಂದು ಅಪ್ಪಣೆ ಮಾಡಿದಳು.

ಆ ಕೊರೆಯುವ ಗಾಳಿಯಲ್ಲಿ, ಡಬ್ಬಿಯ ಸುತ್ತ ನಿಂತು, ಮೂವರೂ ಬಾಳೆ, ಸೇಬು, ಕಿತ್ತಳೆ, ಪೇರಲ ಎಲ್ಲವನ್ನೂ ತಿಂದೆವು. ದಾಳಿಂಬೆಗೆ ಬರುವ ಹೊತ್ತಿಗೆ ಕಿರಣನ ಬಾಯಿ ಮರಗಟ್ಟಿತ್ತು. “ಆ ಬಸುರಿ ಆಸೆಗಳೆಲ್ಲ ನನಗೇ ತೀರ್ತಾ ಇವೆ” ಎಂದು ಗೊಣಗಿದ. ಉಳಿದದ್ದನ್ನು ಡಬ್ಬಿಗೆ ಹಾಕಿ ಸುಮಕ್ಕ ಅದಕ್ಕೊಂದು ಕೈಮುಗಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಸೀರೆ, ಬಳೆ ಉಳಿದವು. ಕಾರು ಹತ್ತಿ ಹೊರಟೆವು. ಮುಂದಿನ ಬೋರ್ಡಿನಲ್ಲಿ ಏನೇನೋ ಊರುಗಳ ಹೆಸರಿದ್ದವು. ಮೆಲ್ಬರ್ನ್ ಇರಲಿಲ್ಲ. ಪಡುವಣದ ತೋಟಗಳ ಕಡೆಗೆ ಹೊರಟಿದ್ದೆವು! ನಮಗೆ ಸಂಬಂಧವೇ ಇಲ್ಲದ ದಾರಿಯ ಕಾನೂನನ್ನು ಪಾಲಿಸಿ, ತವರಿನ ಹಣ್ಣನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೆವು.

ಚಳಿಗಾಲದ ಬಿಸಿಲು ಆಗಲೇ ಸೊರಗುತ್ತಿತ್ತು. ಮೆಲ್ಬರ್ನ್ ಇನ್ನೂ ಮೂರು ಗಂಟೆಯ ದಾರಿ. ನಾನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ. ಹಾಗೆ ಮಾಡಿದ್ದು ನನ್ನ ಜನ್ಮದಲ್ಲೇ ಮೊದಲು. “ಬೋರ್ಡ್ ನೋಡಿ ಹೊಡಿ” ಎಂದೆ ಕಿರಣನಿಗೆ.

ಹಿಂದಿರುಗಿ ಹೊಸ ಹೆದ್ದಾರಿ ಹತ್ತಿದೆವು. ಆಮೇಲಿನದನ್ನು ನೀವು ನೋಡಬೇಕಿತ್ತು. ಯಂತ್ರದ ಪರದೆಯಲ್ಲಿ ರಸ್ತೆಯೇ ಇಲ್ಲ. ನಮ್ಮ ಕಾರಿನ ಪುಟ್ಟ ಬಾಣ ಖಾಲಿ ಬಯಲಿನಲ್ಲಿ, ಯಾರದೋ ಹೊಲದ ಮೇಲೆ, ಹಾರಿಕೊಂಡು ಹೋಗುತ್ತಿದೆ. ಮೇಡಂ ಹಿಂದಕ್ಕೆ ತಿರುಗು, ತಿರುಗು ಎಂದು ಅಂಗಲಾಚುತ್ತಿದ್ದಾಳೆ. ಎದುರಿಗೆ ನೀಲಿ ಪಟ್ಟಿ ಬಂತು. ಹೊಳೆ! ಗಾಜಿನ ಹೊರಗೆ ಹೊಚ್ಚ ಹೊಸ ಸೇತುವೆ. ಗಾಜಿನ ಮೇಲಿನ ಪರದೆಯಲ್ಲಿ ಸೇತುವೆಯಿಲ್ಲ. ಬಾಣ ಸೀದಾ ನೀರಿಗಿಳಿಯಿತು. “ಮುಳುಗಿದ್ವಿ ಮುಳುಗಿದ್ವಿ!” ಎಂದು ಕಿರಣ ಕೂಗಿದ. ಬಾಣ ನೀಲಿಯನ್ನು ದಾಟಿ ಆಚೆ ದಡ ಹತ್ತಿತು. ಸುಮಕ್ಕ ಚಪ್ಪಾಳೆ ಹೊಡೆದಳು.

ಆಚೆ ದಡದ ಮೊದಲ ಸೂಪರ್‌ಮಾರ್ಕೆಟ್ಟಿನಲ್ಲಿ ಐದು ಬಗೆ ಹಣ್ಣು ಕೊಂಡೆವು. ಸುಮಕ್ಕನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. “ಇವು ಆಕಿ ಊರಿನ ಹಣ್ಣಲ್ಲೇನೋ. ಆಕಿ ಅಂಗಡಿ ಹಣ್ಣು ಆಕಿಗೇ ಒಯ್ದು ಕೊಟ್ಟಂಗಾತು. ತವರಿಂದು ಹ್ಯಾಂಗ ಆಗತೈತಿ?” ನಾನು ಬಾಳೆಯ ಮೇಲಿನ ಸ್ಟಿಕ್ಕರ್ ತೋರಿಸಿದೆ. ಕ್ವೀನ್ಸ್‌ಲ್ಯಾಂಡ್. ಗಿರಾವೀನ್‌ನಲ್ಲಿ ಕೊಂಡದ್ದರ ಮೇಲೂ ಅದೇ ಇತ್ತು. ಅವಳಿಗೆ ಸಮಾಧಾನವಾಗಲಿಲ್ಲ.

ಡಾಕ್‌ಲ್ಯಾಂಡ್ಸ್ ತಲುಪಿದಾಗ ನೀರಿನ ಮೇಲೆ ಕೊನೆಯ ಬಿಸಿಲಿತ್ತು. ಟ್ರಾಮುಗಳ ನಡುವೆ ಕಾರು ನಿಲ್ಲಿಸುವ ಕೆಲಸವನ್ನು ಕಿರಣನಿಗೆ ಬಿಟ್ಟು, ನಾನೂ ಸುಮಕ್ಕನೂ ಲಿಫ್ಟಿಗೆ ಓಡಿದೆವು. ದೀಪಾ ಬಾಗಿಲು ತೆರೆದು, ನಮ್ಮನ್ನು ನೋಡಿ, ಸುಮಕ್ಕನ ಹೆಗಲಿಗೆ ಹಣೆ ಹಚ್ಚಿದಳು. ಆಮೇಲೆ, “ಕಿಟಕ್ಯಾಗ ಬಿಸಿಲು ನೋಡ್ಕೋತ ಕುಂತಿದ್ದೆ ಅಕ್ಕಾ. ಇನ್ನ ಬರೂದಿಲ್ಲ ಅನ್ಕೊಂಡಿದ್ದೆ” ಎಂದಳು. ಅವಳ ಗಂಡ ಗಡಿಬಿಡಿಯಿಂದ ಮಣೆಯ ಬದಲು ಸೋಫಾದ ಕುಶನ್ ಹಾಸಿದ.

ಸುಮಕ್ಕ ಉಡಿ ತುಂಬುವಾಗ ಧಾರವಾಡದ ಫೋನು ಸ್ಪೀಕರಿನಲ್ಲಿತ್ತು. ಅಕ್ಕಿ, ಕೊಬ್ಬರಿ ಬಿದ್ದವು. ಹಣ್ಣಿಗೆ ಬಂದಾಗ ಅವಳ ಕೈ ತಡೆಯಿತು. ಎಲ್ಲವನ್ನೂ ಹೇಳಿಬಿಟ್ಟಳು, ಡಬ್ಬಿಗೆ ಕೈಮುಗಿದದ್ದನ್ನೂ ಬಿಡದೆ.

“ಯಾಕ ಅಂಜ್ತೀ ಸುಮಾ?” ಎಂದರು ಅವ್ವ. “ಹಣ್ಣು ಯಾವೂರಿಂದಾದ್ರೂ ಇರವಲ್ದ್ಯಾಕ. ಬಂದವರು ತವರಿನವರು ಹೌದಿಲ್ಲೋ? ಹಾಕು.”

ಸುಮಕ್ಕ ಹಾಕಿದಳು. ಅಷ್ಟರಲ್ಲಿ ಕಿರಣ ಮೇಲೆ ಬಂದ.

“ಅದಿರಲಿ, ಅಷ್ಟ ದೊಡ್ಡ ಹೊಳಿ ಹ್ಯಾಂಗ ದಾಟಿದ್ರಿ?” ಎಂದು ಅವ್ವ ಕೇಳಿದರು.

“ಈಸಿ ಆಂಟಿ, ಈಸಿಯಾಗಿ ಬಂದ್ವಿ!” ಎಂದ ಕಿರಣ.

ಧಾರವಾಡದಲ್ಲಿ ಈಜುವುದಕ್ಕೆ ಈಸುವುದು ಎನ್ನುತ್ತಾರೆ. ಬೆಂಗಳೂರಿನವನಿಗೆ ಅದೆಲ್ಲಿಂದ ಗೊತ್ತಾಗಬೇಕು? ಫೋನಿನೊಳಗಿಂದ ಒಂದು ಚೀರಾಟ ಬಂತು. “ಯವ್ವಾ! ಈಸಿ ಬಂದ್ರಿ? ಈ ಥಂಡ್ಯಾಗ? ಸುಮಾನೂ ಈಸಿದ್ಲಾ? ಉಡಿ ಅಕ್ಕಿ ತೊಯ್ದಿಲ್ಲಲ್ಲ?”

ದೀಪಾ ಎಷ್ಟು ನಕ್ಕಳೆಂದರೆ, ತುಂಬಿದ ಉಡಿಯಿಂದ ಒಂದು ಕಿತ್ತಳೆ ಜಾರಿ ಉರುಳಿಕೊಂಡು ಕಿಟಕಿಯ ತನಕ ಹೋಯಿತು. ಅದನ್ನು ಹಿಡಿಯಲು ಹೋದ ನಾನು ನೋಡಿದೆ. ಹೊರಗೆ ಆಗಷ್ಟೇ ದೀಪಗಳು ಹತ್ತುತ್ತಿದ್ದವು.

ಮುಂದೆ ಕಿರಣ ಯಂತ್ರಕ್ಕೆ ಹೊಸ ನಕ್ಷೆ ಹಾಕಿಸಿದ. ಅದರಲ್ಲಿ ಹೆದ್ದಾರಿ ಬಂತು, ಸೇತುವೆಯೂ ಬಂತು. ನಾನೂ ಡೈರಿಯಲ್ಲಿ ದಾರಿ ತಿದ್ದಿಕೊಂಡೆ. ಆದರೆ ಧಾರವಾಡದ ಆ ಓಣಿಯಲ್ಲಿ, ಮಗಳ ಕುಬಸಕ್ಕೆ ತವರಿನವರು ಹೊಳೆ ಈಸಿ ಬಂದಿದ್ದರು ಎಂದು ಅವ್ವ ಈಗಲೂ ಹೇಳುತ್ತಾರಂತೆ. ಅದನ್ನು ತಿದ್ದಲು ನಾನು ಹೋಗಿಲ್ಲ. ಯಾವ ಬಾಯಿಂದ ತಿದ್ದಲಿ? ಬಾಣ ನೀರಿಗಿಳಿದದ್ದನ್ನೂ, ಆಚೆ ದಡ ಹತ್ತಿದ್ದನ್ನೂ ಈ ಕಣ್ಣುಗಳಿಂದಲೇ ನೋಡಿದವನು ನಾನು.