ಲಕ್ವಾ ಹೊಡೆದ ಅಜ್ಜನ ಒಂದ ಮಾತು

ಏನ್ರೀ ಶ್ಯಾಣ್ಯಾರ, ನಿಮ್ಮ ಮನ್ಯಾಗ ಯಾರದರ ಮಾತು ನಿಂತ್ರ ನೀವೂ ಅವರ ಕಿವ್ಯಾಗ ಒದರವ್ರನ? ಒದರ್ರಿ, ಒದರ್ರಿ. ನಮ್ಮ ಸಿಂಧನೂರಿನ ಮನ್ಯಾಗೂ ಎಲ್ಲಾರೂ ಅದನ್ನ ಮಾಡಿದ್ರು.

ನಾ ಆಗ ಎಂಟೊಂಬತ್ತು ವರ್ಷದಾಕಿ. ನಿಜಾಮನ ರಾಜ್ಯ ಹೋಗಿ ಸ್ವಲ್ಪ ವರ್ಷ ಆಗಿತ್ತು. ಒಂದಿನ ಮುಂಜಾನಿ ಅಜ್ಜ ವಿಭೂತಿ ಹಚ್ಚಿಕೊಳ್ಳಾಕ ಬಲಗೈ ಎತ್ತಾಕ ಹೋದ, ಕೈ ಏಳಲಿಲ್ಲ. ಬಾಯಿ ಸೊಟ್ಟಾತು. ಲಕ್ವಾ ಹೊಡದೈತಿ ಅಂದ್ರು. ಮುಂದ ಎದ್ದು ಕುಂತ ಖರೆ, ಬಾಯಾಗ ಉಳಿದಿದ್ದು ಒಂದ ಮಾತು: "ಹೌದು." ಹಸಿವಾದ್ರೂ ಹೌದು, ಹೊಟ್ಟಿ ತುಂಬಿದ್ರೂ ಹೌದು. ಸಿಟ್ಟು ಬಂದ್ರ ಅದ ಹೌದನ್ನ ಜೋರಾಗಿ ಅಂತಿದ್ದ.

ನೋಡಾಕ ಬಂದವರೆಲ್ಲಾ ವೈದ್ಯರ ಆದ್ರು. ಒಬ್ಬಾಕಿ ಪಾರಿವಾಳದ ರಕ್ತ ತಿಕ್ಕ್ರಿ ಅಂದ್ಲು, ಲಿಂಗ ಕಟ್ಟಿದ ಮನ್ಯಾಗ! ನಮ್ಮ ದೊಡ್ಡಪ್ಪ ಅದನ್ನೂ ದನದ ಕೊಟ್ಟಿಗ್ಯಾಗ ಗುಟ್ಟಾಗಿ ಮಾಡಿಸಿದ. ಲಿಂಗಸುಗೂರಿನ ಹಕೀಮ ಬಂದು "ನಾಲಿಗಿ ಮಲಗೇತಿ" ಅಂತ ಕರೀ ಲೇಹ ಕೊಟ್ಟ. ನಾಲಿಗಿಗೆ ಏನಾಗಿತ್ತು ಅವನ ತಲಿ? ಕಟಕ ರೊಟ್ಟೀನೂ ಚೊಲೋತ್ನಾಗ ತಿರುವತಿತ್ತು. ಕೂಸಿಗೆ ಮಾತು ಬರಲಿ ಅಂತ ತೇದು ನೆಕ್ಕಸೋ ಬಜೆ ಬೇರನ್ನ, ಬಿಳೀ ಮೀಸಿ ಅಜ್ಜಗೂ ನೆಕ್ಕಸಿದ್ರು.

ಈಗ ದವಾಖಾನ್ಯಾಗ ಇದಕ್ಕ ಅಫೇಸಿಯಾ ಅಂತಾರ. ಪೆಟ್ಟು ಬೀಳೋದು ಮಿದುಳಿಗೆ, ನಾಲಿಗಿಗಲ್ಲ. ಒಂದ ನಮೂನಿಯಾಗ ಎಲ್ಲಾ ತಿಳಿತೈತಿ, ಮಾತು ಹೊರಗ ಬರಂಗಿಲ್ಲ. ಅಜ್ಜಂದು ಅದು. ಇನ್ನೊಂದ ನಮೂನಿಯಾಗ ಮಾತು ಗಳಗಳ ಹರಿತೈತಿ, ಅದರಾಗ ಅರ್ಥ ಇರಂಗಿಲ್ಲ, ಮಂದಿ ಹೇಳಿದ್ದೂ ತಿಳಿಯಂಗಿಲ್ಲ. ನಮ್ಮ ದೊಡ್ಡಪ್ಪಗ ಲಕ್ವಾ ಹೊಡೀಲಾರದನ ಅದು ಆಗಿತ್ತು.

ನಮ್ಮಪ್ಪ ತೀರಿಕೊಂಡಿದ್ದ. ಹಿಂಗಾಗಿ ದೊಡ್ಡಪ್ಪ ನಮ್ಮಕ್ಕಗ ಮಸ್ಕಿ ಕಡಿ ಒಂದು ಗಂಡು ತಂದ. ಅಕ್ಕ ಆಗಿನ್ನೂ ಹುಡುಗಿ. ಆ ಮನಿಷ್ಯಾ ಇಬ್ಬರು ಹೆಂಡರನ್ನ ಮಣ್ಣು ಮಾಡಿದವ. ನಮ್ಮಲ್ಲಿ ಮನಿ ಹಿರೇರು ಎಲಿ-ಅಡಿಕಿ ತಾಟಿನ ಮುಂದ ಕುಂತು ನಾಕ ಮಂದಿ ಎದುರಿಗೆ ಹೂಂ ಅಂದ್ರ ಮುಗೀತು, ಲಗ್ನ ಆದಂಗ. ಅಜ್ಜ ಚೊಲೋ ಇದ್ದಾಗ ಈ ಗಂಡನ್ನ ಹೊಸಲಿ ದಾಟಾಕ ಬಿಟ್ಟಿರಲಿಲ್ಲ. ಈಗ ದೊಡ್ಡಪ್ಪಗ ಹಬ್ಬ. ಮಸ್ಕಿ ಮಂದೀನ ಕರಿಸಿ, ಅಜ್ಜನ ಎದುರಿಗೆ ಕುಂದ್ರಿಸಿ ಕೇಳಿದ:

"ಯಪ್ಪಾ, ಹುಡುಗೀನ ಕೊಡೂಣೇನು?"

"ಹೌದು! ಹೌದು!" ಅಜ್ಜನ ಕಣ್ಣು ಕೆಂಡ ಆಗಿದ್ವು, ಎಡಗೈ ನೆಲ ಬಡಿಯಾಕತ್ತಿತ್ತು. ಮಸ್ಕಿ ಮಂದಿ "ಏನ್ ಹುರುಪರೀ ಹಿರೇರದು" ಅಂದ್ರು. ಕುರುಡರು.

ನಾ ನಡುವ ಹೋಗಿ, ಗಂಡಿನ ಕಡಿ ಬೆರಳು ಮಾಡಿ ಕೇಳಿದೆ: "ಅಜ್ಜಾ, ಈ ಮಾವಾರು ಹೇರು ಹೊರೋ ಕತ್ತಿ ಏನು?"

"ಹೌದು!"

"ನಮ್ಮ ದೊಡ್ಡಪ್ಪ?"

"ಹೌದು!"

ಯಾರೋ ಹಿಂದ ಕಿಸಕ್ಕಂದ್ರು. ಗಂಡಿನ ಕಾಕಾ ಮುಖ ಗಂಟು ಹಾಕ್ಕೊಂಡು, "ಹಿರೇರು ಇನ್ನೂ ಸ್ವಲ್ಪ ಸುಧಾರಿಸಲಿ, ಅಮಾಸಿ ಆದ ಮ್ಯಾಲ ಬರ್ತೀವಿ" ಅಂದ. ದೊಡ್ಡಪ್ಪ ನನ್ನ ಕಿವಿ ಹಿಂಡಿದ. ಹಿಂಡಲಿ.

ಅಮಾಸಿ ಒಳಗ ಅಜ್ಜನ ಬಾಯಿಂದ "ಬ್ಯಾಡ" ಬರಬೇಕಾಗಿತ್ತು, ಇಲ್ಲಾಂದ್ರ ಅಕ್ಕ ಮಸ್ಕಿಗೆ.

ದಾರಿ ಸಿಕ್ಕಿದ್ದು ಸೋಮವಾರದ ಭಜನ್ಯಾಗ. ನೀರು ಅನ್ನಾಕ ಬಾರದ ಅಜ್ಜ, ಮಂದಿ ಜೋಡಿ ಇಡೀ ಪದ ಹಾಡಿಬಿಟ್ಟ! ದೊಡ್ಡಪ್ಪ "ನೋಡ್ರಿ, ಮುದುಕ ಸೋಗು ಹಾಕಾಕತ್ತಾನ" ಅಂದ. ಅಷ್ಟ ಅವನ ಬುದ್ಧಿ. ಅಕ್ಕ ಮಾತ್ರ ಮರದಿನದಿಂದ ಅಜ್ಜನ ಎಡಗೈ ಹಿಡಿದು ತೊಡಿ ಮ್ಯಾಲ ತಾಳ ಹಾಕಿಸಾಕ ಶುರು ಮಾಡಿದ್ಲು. ಭಜನಿ ಧಾಟಿಯಾಗ "ನೀರು ಬೇಕು", "ರೊಟ್ಟಿ ಬೇಕು", "ಬ್ಯಾಡ, ಬ್ಯಾಡ." ಮೊದಲ ಜೋಡೀಲೆ ಹಾಡೋದು, ಆಮ್ಯಾಲ ಆಕಿ ಅರ್ಧಕ್ಕ ನಿಲ್ಲಿಸೋದು, ಉಳಿದದ್ದು ಅಜ್ಜ ಅನ್ನೋದು. ಈಗ ಇದನ್ನ ದವಾಖಾನ್ಯಾಗ ಕಲಿಸ್ತಾರಂತ, ದೊಡ್ಡ ಹೆಸರಿಟ್ಟು. "ನೀರು" ಬಂತು. "ಬ್ಯಾಡ" ಒಂದೊಂದ ದಿನ ಬರ್ತಿತ್ತು, ಒಂದೊಂದ ದಿನ ಇಲ್ಲ.

ಅಮಾಸಿ ಆತು, ಅವರು ಬಂದ್ರು, ತಾಟು ಇಟ್ರು. ದೊಡ್ಡಪ್ಪ ಗಂಟಲ ಹರಕೊಂಡು ಕೇಳಿದ, "ಕೊಡೂಣೇನ್ ಯಪ್ಪಾ?"

"ಹೌ..." ಅಂದ ಅಜ್ಜ. ಬಾಗಲ ಮರಿಗೆ ನಿಂತ ಅಕ್ಕ ನನ್ನ ರಟ್ಟಿ ಚಿವುಟಿ ಹಿಡಿದ್ಲು. ಅಜ್ಜ ಬಾಯಿ ಮುಚ್ಚಿದ. ತೊಡಿ ಮ್ಯಾಲ ಎಡಗೈ ಬಡದ, ಮತ್ತ ಬಡದ, ಧಾಟಿ ಹಿಡಿದು ಎಳದ: "ಬ್ಯಾ... ಡ!" ಅಂದು ತಾಟು ದೂಡಿದ. ಅಡಿಕಿ ಗಂಡಿನ ಮಡಿಲಿಗೆ ಹೋಗಿ ಬಿದ್ವು.

ಅವರು ಎದ್ದು ಹೋದ್ರು. ಅಕ್ಕ ಅಲ್ಲೇ ಕುಸಿದು ಕುಂತು ಅಳಾಕತ್ತಿದ್ಲು. ನನಗ ಖುಷಿ ತಡಿಯದ ಅಜ್ಜನ ಮೊಣಕಾಲು ಹಿಡಿದು, "ಅಜ್ಜಾ, ಇನ್ನೊಮ್ಮೆ ಅನ್ನು! ದೊಡ್ಡಪ್ಪಗ ಕೇಳಿಸಿಲ್ಲ, ಇನ್ನೊಮ್ಮೆ!" ಅಂತ ಜೀವ ತಿನ್ನಾಕತ್ತಿದ್ದೆ.

ಅಜ್ಜ ನನ್ನ ದಿಟ್ಟಿಸಿ ನೋಡಿದ. ಸೊಟ್ಟ ಬಾಯಿ ತೆರೆದು, ತಾಳಾ ಇಲ್ಲದ ಧಾಟೀ ಇಲ್ಲದ ಅಂದ:

"ಸಾಕ್ ಹೋಗ್ ಬೇ."