ಕಾರವಾರದಲ್ಲಿ ನಾನು ನೀರಿಗೆ ತಳ್ಳಿದ ಗೆಳೆಯ

ಉದ್ಯಮಬಾಗ ಕೈಗಾರಿಕಾ ಪ್ರದೇಶದ ಒಂದೇ ಫೌಂಡ್ರಿಯಲ್ಲಿ ದುಡಿಯುತ್ತಿದ್ದ ನಾವು ನಾಲ್ವರು ಗೆಳೆಯರು ರಜೆಯಲ್ಲಿ ಕಾರವಾರಕ್ಕೆ ಹೋಗಿ ದೋಣಿ ಬಾಡಿಗೆಗೆ ಹಿಡಿದೆವು. ನಡುಗಡ್ಡೆಯ ಮರೆಯಲ್ಲಿ ದೋಣಿಯವನು ಲಂಗರು ಹಾಕಿದ. ನಾವು ಮೂವರು ಮಧ್ಯಾಹ್ನದವರೆಗೂ ಈಜಿದೆವು. ಖಾನಾಪುರದ ಗೆಳೆಯನಿಗೆ ಈಜು ಬರುತ್ತಿರಲಿಲ್ಲ. ಅವನು ಲೈಫ್ ಜಾಕೆಟ್ ತೊಟ್ಟುಕೊಂಡೇ ಕುಳಿತು, ಅವನ ತಾಯಿ ಎಲ್ಲರಿಗೂ ಕಟ್ಟಿಕೊಟ್ಟಿದ್ದ ರೊಟ್ಟಿಯ ಗಂಟು ಬಿಚ್ಚುತ್ತಿದ್ದ.

“ಇಲ್ಲಿತನಕಾ ಬಂದು ಒಣಗಾಕ ಕುಂತಿಯೇನಲೇ? ನೀರಿಗಿಳಿ,” ಎಂದೆ.

“ಬ್ಯಾಡಲೇ. ನನ್ನ ತಮ್ಮ ಮಲಪ್ರಭಾದಾಗ ಮುಳುಗಿ ಸತ್ತಿದ್ದು ನಿನಗ ಗೊತ್ತೈತಿ.”

ಗೊತ್ತಿತ್ತು. ಆದರೂ ದೋಣಿ ಹತ್ತಿ ಹಿಂದಿನಿಂದ ತಳ್ಳಿಬಿಟ್ಟೆ.

ಜಾಕೆಟ್ ಅವನನ್ನು ಮುಳುಗಲು ಬಿಡಲಿಲ್ಲ. ಆದರೆ ಅವನು ಕೈಕಾಲು ಬಡಿಯುತ್ತಾ ತಮ್ಮನ ಹೆಸರು ಹಿಡಿದು ಕೂಗತೊಡಗಿದ. ನಾವು ನಗುತ್ತಾ ಮೊಬೈಲಿನಲ್ಲಿ ವಿಡಿಯೊ ಮಾಡಿದೆವು. ಕೊನೆಗೆ ದೋಣಿಯವನೇ ಧುಮುಕಿ ಅವನನ್ನು ಮೇಲಕ್ಕೆ ಹತ್ತಿಸಿದ.

“ಚ್ಯಾಷ್ಟಿ ಮಾಡೀವಿ, ಮನಸಿಗೆ ಹಚ್ಕೋಬ್ಯಾಡ,” ಎಂದೆ. ಅವನು ಹೂಂ ಎಂದು, ಒದ್ದೆ ಬಟ್ಟೆಯಲ್ಲೇ ನಮಗೆ ರೊಟ್ಟಿ ಹಂಚಿದ.

ಸೋಮವಾರದ ಹೊತ್ತಿಗೆ ಆ ವಿಡಿಯೊ ಫೌಂಡ್ರಿಯ ಎಲ್ಲರ ಮೊಬೈಲಿನಲ್ಲೂ ಇತ್ತು. ಕಳಿಸಿದವನು ನಾನೇ. ಅವನು ಎದುರಾದಾಗಲೆಲ್ಲ ಕೆಲವರು ಸತ್ತ ತಮ್ಮನ ಹೆಸರನ್ನು ಅವನದೇ ದನಿಯಲ್ಲಿ ಕೂಗುತ್ತಿದ್ದರು; ನಾನೂ ನಗುತ್ತಿದ್ದೆ. ತಿಂಗಳೊಳಗೆ ಅವನು ಕೆಲಸ ಬಿಟ್ಟ. ಕ್ಷಮೆ ಕೇಳಲು ನಾನು ಇನ್ನೂ ಖಾನಾಪುರಕ್ಕೆ ಹೋಗಿಲ್ಲ.